ರಾಗಿ ಬಲಕ್ಕೆ ತಿರುಗಲಿಲ್ಲ

ಅಂಕಲ್ ನನ್ನನ್ನು ಮೊದಲ ಸಲ ಕನ್ನಡದಲ್ಲಿ ಮಾತಾಡಿಸಿದಾಗ ನನ್ನ ಒಂದು ಕೈಯಲ್ಲಿ ಥರ್ಮಾಮೀಟರ್ ಇತ್ತು, ಇನ್ನೊಂದು ಕೈಯಲ್ಲಿ ನಾಯಿಯ ಬಾಲ. "ನೀನು ಮೈಸೂರು ಕಡೆಯವಳೇನಮ್ಮ?" ಎಂದು ಕೇಳಿದರು. ಇಂಥ ಹೊತ್ತಿನಲ್ಲಿ ಊರು ವಿಚಾರಿಸುವುದು ನಮ್ಮವರಿಂದ ಮಾತ್ರ ಸಾಧ್ಯ. "ಒಂದ್ ನಿಮಿಷ ಅಂಕಲ್, ಟೆಂಪರೇಚರ್ ಬರ್ಲಿ, ಆಮೇಲೆ ಊರು ಹೇಳ್ತೀನಿ" ಎಂದೆ. ಟ್ರಕ್ಕಿನ ಹತ್ತಿರ ನಿಂತಿದ್ದ ಅವರ ಹೆಂಡತಿ ಗೊಳ್ಳೆಂದು ನಕ್ಕರು.

ನಾನು ಡರ್ಹಮ್‌ನ ಒಂದು ಪ್ರಾಣಿ ಆಸ್ಪತ್ರೆಯಲ್ಲಿ ಡಾಕ್ಟರ್. ಕೋವಿಡ್ ಗಲಾಟೆ ಅಡಗಿದ ಮೇಲಿನ ಒಂದು ಚಳಿಗಾಲದಲ್ಲಿ, ಜಾರುಬಂಡಿ ನಾಯಿಗಳ ಎರಡು ದಿನದ ಓಟಕ್ಕೆ ಪಶುವೈದ್ಯೆಯಾಗಿ ಹೋಗಿದ್ದೆ. ನಾರ್ತ್ ಕ್ಯಾರೊಲಿನಾದಲ್ಲಿ ಹಿಮ ಎಲ್ಲಿಂದ ಬಂತು ಎಂದು ನನ್ನ ಗಂಡನೂ ಕೇಳಿದ. ಹಿಮ ಇಲ್ಲ. ಪೈನ್ ಕಾಡಿನ ಮರಳು ದಾರಿಯಲ್ಲಿ ಜಾರುಬಂಡಿಯ ಬದಲು ನಾಲ್ಕು ಚಕ್ರದ ಬಂಡಿ ಕಟ್ಟುತ್ತಾರೆ, ಅಷ್ಟೇ ವ್ಯತ್ಯಾಸ. ಎಂಟು ನಾಯಿಗಳು ಜೋಡಿ ಜೋಡಿಯಾಗಿ ಒಂದು ಉದ್ದನೆಯ ಹಗ್ಗಕ್ಕೆ. ಎಲ್ಲಕ್ಕೂ ಮುಂದಿರುವ ಜೋಡಿಯೇ ಮುಂದಾಳುಗಳು. ಲಗಾಮಿಲ್ಲ, ಚಾಟಿಯಿಲ್ಲ. ಬಂಡಿಯ ಮೇಲಿಂದ ಕೂಗಿದ ಮಾತಿಗೆ ಮುಂದಾಳು ತಿರುಗಿದರೆ ಉಂಟು, ಇಲ್ಲದಿದ್ದರೆ ಎಂಟೂ ಸೇರಿ ನಿಮ್ಮನ್ನು ಒಯ್ದು ಮರಕ್ಕೆ ಬಡಿಯುತ್ತವೆ.

ಈ ಅಂಕಲ್ ಬಗ್ಗೆ ನಮ್ಮ ಕಡೆಯ ಕನ್ನಡಿಗರಿಗೆಲ್ಲ ಗೊತ್ತಿತ್ತು. ಬಹಳ ಹಿಂದೆ ಬಂದು ನೆಲೆಸಿದವರು, ಮನುಷ್ಯರ ಡಾಕ್ಟರ್ ಆಗಿ ನಿವೃತ್ತರಾದವರು, ಎಪ್ಪತ್ತು ದಾಟಿದವರು. ಎಲ್ಲರೂ ಗಾಲ್ಫ್ ಆಡುವ ವಯಸ್ಸಿನಲ್ಲಿ ಇವರು ಊರಾಚೆ ಜಮೀನು ಕೊಂಡು, ಉತ್ತರದಿಂದ ತರಬೇತಾದ ನಾಯಿಗಳನ್ನು ತಂದು ಸಾಕಿಕೊಂಡಿದ್ದರು. ಯುಗಾದಿ ಊಟದಲ್ಲಿ ಜನ ಅವರನ್ನು 'ನಾಯಿ ಅಂಕಲ್' ಎಂದು ಆಡಿಕೊಳ್ಳುತ್ತಿದ್ದರು. ನಾನೂ ಆಡಿಕೊಂಡಿದ್ದೇನೆ. ಆದರೆ ಮಾತಾಡಿಸಿದ್ದು ಆವತ್ತೇ ಮೊದಲು.

ಅವರಿಗೊಂದು ಆಸೆ. ಉತ್ತರದ ಹಿಮದಲ್ಲಿ ವಾರಗಟ್ಟಲೆ ನಡೆಯುವ ದೂರದ ಓಟವೊಂದರಲ್ಲಿ ತಮ್ಮ ನಾಯಿಗಳನ್ನು ಓಡಿಸಬೇಕು. ಅಲ್ಲಿಯವರು, ಮೊದಲು ಇಂಥ ಎರಡು ದಿನದ ಓಟ ಮುಗಿಸಿ ತೋರಿಸಿ, ಆಮೇಲೆ ಅರ್ಜಿ ನೋಡುತ್ತೇವೆ ಎಂದಿದ್ದರು. "ಈ ಸಲ ಆಗ್ಲಿಲ್ಲ ಅಂದ್ರೆ ಮುಗೀತು" ಎಂದು ಅಂಕಲ್ ನಾಯಿಯ ಪಂಜ ಎತ್ತಿ ಹಿಡಿದುಕೊಂಡೇ ಹೇಳಿದರು. "ಸ್ಪ್ರಿಂಗ್‌ನಲ್ಲಿ ಎರಡೂ ಮಂಡಿ ರಿಪ್ಲೇಸ್ಮೆಂಟ್. ಅದಾದ್ಮೇಲೆ ಬಂಡಿ ಹತ್ತೋಕೆ ಇವಳು ಬಿಡಲ್ಲ."

"ಈಗ ತಾನೇ ನಾನು ಬಿಟ್ಟಿದ್ದೀನಾ?" ಎಂದರು ಆಂಟಿ.

ಓಟದ ಪದ್ಧತಿ ಹೀಗೆ. ಬೆಳಿಗ್ಗೆ ಒಂದು ಚಿಕ್ಕ ಸುತ್ತು, ಮಧ್ಯಾಹ್ನ ಒಂದು ದೊಡ್ಡ ಸುತ್ತು, ಎರಡೂ ದಿನ ಅದೇ. ಎರಡು ಸುತ್ತುಗಳ ನಡುವೆ ಶಿಬಿರದಲ್ಲಿ ಕಡ್ಡಾಯ ವಿಶ್ರಾಂತಿ. ನಾಯಿ ನೀರು ಕುಡಿದು ಮಾಂಸದ ಸಾರು ನೆಕ್ಕುವ ತನಕ ಬಂಡಿಯವರು ಒಂದು ಗುಟುಕು ಕಾಫಿ ಕೂಡ ಕುಡಿಯುವುದಿಲ್ಲ. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಮೀರಿದವರನ್ನು ನಾನು ನೋಡಲಿಲ್ಲ. ಆಮೇಲೆ ನನ್ನ ಸರದಿ. ಒಂದೊಂದು ನಾಯಿಯ ಮೈಬಿಸಿ, ಎದೆಬಡಿತ, ಒಸಡಿನ ಬಣ್ಣ ನೋಡಬೇಕು. ಕತ್ತಿನ ಚರ್ಮ ಎತ್ತಿ ಬಿಟ್ಟರೆ ತಕ್ಷಣ ಕೂರುತ್ತದೋ ಇಲ್ಲವೋ ನೋಡಬೇಕು. ಭುಜ ಚಾಚಿಸಿ, ಮಣಿಕಟ್ಟು ಮಡಿಸಿ, ಬೆರಳ ಸಂದಿಯ ಮರಳು ತೆಗೆದು, ಕೊನೆಗೆ ನಾಯಿಯನ್ನು ಓಡಿಸಿ ನಡಿಗೆ ನೋಡಬೇಕು. ಸರಿಯಿದ್ದರೆ ಕೊರಳಪಟ್ಟಿಗೆ ಹಸಿರು ರಿಬ್ಬನ್, ಇಲ್ಲದಿದ್ದರೆ ಕೆಂಪು. ಕೆಂಪು ಬಿದ್ದ ನಾಯಿ ಅಲ್ಲಿಗೆ ನಿಂತಿತು. ಅದರ ಬದಲಿಗೆ ಬೇರೆ ನಾಯಿ ಕಟ್ಟುವ ಹಾಗಿಲ್ಲ, ಉಳಿದವುಗಳಲ್ಲೇ ಓಡಬೇಕು.

ಅಂಕಲ್ ಎಂಟಕ್ಕೂ ಧಾನ್ಯದ ಹೆಸರಿಟ್ಟಿದ್ದರು. ಬಂಡಿಯ ಹತ್ತಿರ ಭಾರ ಎಳೆಯುವ ದಪ್ಪ ಗಂಡು ಹುರುಳಿ. ನಡುವೆ ನವಣೆ, ಸಜ್ಜೆ, ಅವರೆ ಇತ್ಯಾದಿ ಬಳಗ. ಮುಂದೆ ಎಡಕ್ಕೆ ಜೋಳ, ಬಲಕ್ಕೆ ರಾಗಿ. ರಾಗಿ ಕಂದು ಮೈಯ ಚಿಕ್ಕ ಹೆಣ್ಣು. ಓಡುವಾಗ ಹಿಂದೆ ಏನು ನಡೆಯುತ್ತಿದೆ ಎಂದು ಒಂದು ಸಲವೂ ತಿರುಗಿ ನೋಡದ ಜಾತಿ. ತಂಡದ ಮಿದುಳು ಇದೇ ಎಂದು ಅಂಕಲ್ ಹೇಳಿದರು. "ಜೋಳ ಬರೀ ಫಾಲೋ ಮಾಡ್ತಾನೆ. ಡಿಸಿಶನ್ ಎಲ್ಲ ಇವಳದ್ದೇ. ನಮ್ಮನೇಲಿ ಇದ್ದ ಹಾಗೆ."

ಮೊದಲ ಸುತ್ತು ಮುಗಿಸಿ ಅವರು ಒಳ್ಳೆಯ ಹೊತ್ತಿನಲ್ಲೇ ಬಂದರು. ಏಳು ನಾಯಿಗಳಿಗೆ ಹಸಿರು ಕಟ್ಟಿದೆ. ರಾಗಿಯ ಮೈಬಿಸಿ, ಎದೆ, ಕಾಲು ಎಲ್ಲ ಸರಿಯಿತ್ತು. ಕಣ್ಣು ಎರಡೂ ಕೆಂಪಾಗಿದ್ದವು, ಬಲಗಡೆಯದು ಒಂದು ಚೂರು ಹೆಚ್ಚು. ಆ ಮರಳು ದಾರಿಯಲ್ಲಿ ಓಡಿ ಬಂದ ಎಲ್ಲ ನಾಯಿಗಳ ಕಣ್ಣೂ ಹಾಗೇ ಇದ್ದವು. ಎಲ್ಲಕ್ಕೂ ತೊಳೆದ ಹಾಗೆ ಇದಕ್ಕೂ ತೊಳೆದೆ. ಇನ್ನು ಓಡಿಸಿ ನೋಡುವುದೊಂದು ಬಾಕಿ. ಅಂಕಲ್ ಹಗ್ಗ ಹಿಡಿದು ಅದನ್ನು ಮರದ ತನಕ ಓಡಿಸಿಕೊಂಡು ಹೋಗಿ ಬರಬೇಕು, ನಾನು ಹಿಂದಿನಿಂದಲೂ ಮುಂದಿನಿಂದಲೂ ನೋಡಬೇಕು.

"ಹೋಗ್ಲಾ?" ಎಂದು ಕೂಗಿದರು.

"ಹಾ, ಹೋಗಿ ಅಂಕಲ್" ಎಂದು ಕೈ ಬೀಸಿದೆ.

ನಾಲ್ಕು ಹೆಜ್ಜೆ ಹೋಗಿತ್ತೋ ಇಲ್ಲವೋ, ರಾಗಿ ಸರಕ್ಕನೆ ಎಡಕ್ಕೆ ತಿರುಗಿ ಹಗ್ಗವನ್ನು ಅಂಕಲ್ ಕಾಲಿಗೆ ಸುತ್ತಿತು. ಪಾಪ, ಮಂಡಿನೋವಿನ ಮನುಷ್ಯ ಬೀಳುವುದರಲ್ಲಿದ್ದರು. ಹಗ್ಗ ಬಿಡಿಸಿಕೊಂಡು ಮತ್ತೆ ಹೊರಟರು. ನಾನು ಮಂಡಿಯೂರಿ ಕೂತು, ಕಾಲುಗಳ ಮೇಲೇ ಕಣ್ಣಿಟ್ಟು, "ಹಾ... ಹಾ... ಬನ್ನಿ" ಎನ್ನುತ್ತಿದ್ದೆ. ಮತ್ತೆ ಎಡಕ್ಕೆ. ಮೂರನೆಯ ಸಲವೂ ಎಡಕ್ಕೇ.

ನನಗೆ ಹೆದರಿಕೆ ಹತ್ತಿತು. ಕಾಲಲ್ಲಿ ನೋವಿಲ್ಲ, ಆದರೂ ನಾಯಿ ಒಂದೇ ಕಡೆಗೆ ವಾಲುತ್ತಿದೆ. ಹಾಗಾದರೆ ಒಳಗಿವಿಯ ತೊಂದರೆ, ಇಲ್ಲದಿದ್ದರೆ ಮಿದುಳಿನದ್ದು. ಪಂಜವನ್ನು ಮಗುಚಿ ನೆಲಕ್ಕಿಟ್ಟೆ, ತಕ್ಷಣ ನೆಟ್ಟಗೆ ಮಾಡಿಕೊಂಡಿತು. ಕಿವಿಯೊಳಗೆ ದೀಪ ಬಿಟ್ಟು ನೋಡಿದೆ, ಶುಭ್ರವಾಗಿತ್ತು. ಕಣ್ಣುಗುಡ್ಡೆ ಅದುರುತ್ತಿರಲಿಲ್ಲ. ಎಲ್ಲ ಸರಿಯಿದ್ದೂ ನಾಯಿ ಎಡಕ್ಕೆ ಹೋಗುತ್ತಿದೆ ಎಂದರೆ ನನಗೆ ಇನ್ನೂ ಹೆದರಿಕೆಯಾಯಿತು. ಓಟದ ಮುಖ್ಯಸ್ಥರನ್ನು ಕರೆದೆ. ಕಾಡಿನ ಕೆಲಸದಲ್ಲೇ ತಲೆ ನರೆತ, ಅರ್ಧ ಮಾತಾಡಿ ಅರ್ಧ ನುಂಗುವ ಅಮೆರಿಕನ್. ಈ ನಾಯಿಯನ್ನು ತಡೆಯಬೇಕಾಗಬಹುದು ಎಂದೆ.

ಅಂಕಲ್ ಮುಖ ಬಿಳಿಚಿಕೊಂಡಿತು. "ಬ್ರೈನಾ?" ಎಂದರು. ಆಮೇಲೆ ಡಾಕ್ಟರ ಧ್ವನಿಯಲ್ಲಿ ಏನೇನೋ ಕೇಳಿದರು, ನಾನೂ ಡಾಕ್ಟರ ಧ್ವನಿಯಲ್ಲಿ ಉತ್ತರಿಸಿದೆ. ಅವರ ಕೈ ರಾಗಿಯ ತಲೆಯ ಮೇಲೇ ಇತ್ತು.

ಅಷ್ಟರಲ್ಲಿ ಆಂಟಿ ಟ್ರಕ್ಕಿನಿಂದ ಫ್ಲಾಸ್ಕ್ ತಂದರು. ಇಲ್ಲಿ ನಡೆದ ಯಾವುದನ್ನೂ ಅವರು ನೋಡಿರಲಿಲ್ಲ. "ಕಾಫಿ ಕುಡೀತೀಯೇನಮ್ಮ?" ಎಂದರು.

"ಹಾ ಆಂಟಿ, ಕೊಡಿ" ಎಂದೆ.

ನಾಯಿಗಳ ಉದ್ದ ಸರಪಳಿಗೆ ಮತ್ತೆ ಕಟ್ಟಿದ್ದ ರಾಗಿ ಎಡಕ್ಕೆ ಜಗ್ಗಿತು. ಅದರ ಪಕ್ಕದಲ್ಲಿದ್ದ ಜೋಳನೂ ಎಡಕ್ಕೆ ಜಗ್ಗಿದ. ಆಂಟಿ ಎರಡನ್ನೂ ನೋಡಿದರು, ನನ್ನನ್ನು ನೋಡಿದರು, ಫ್ಲಾಸ್ಕನ್ನು ನೆಲಕ್ಕಿಟ್ಟು ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ನಾನು ಬೆಪ್ಪಾಗಿ ನಿಂತೆ.

"ಅಯ್ಯೋ ಹುಡುಗಿ, 'ಹಾ' ಅನ್ಬೇಡವೇ! 'ಹಾ' ಅಂದ್ರೆ ಈ ನಾಯಿಗಳಿಗೆ ಲೆಫ್ಟು! 'ಜೀ' ಅಂದ್ರೆ ರೈಟು. ಬಂಡಿ ಭಾಷೆ ಅದು. ನಮ್ಮನೇಲಿ 'ಹಾ' ಅನ್ನೋದು ಬಿಟ್ಟು ಎಷ್ಟು ವರ್ಷ ಆಯ್ತೋ. ಎಲ್ಲಾದಕ್ಕೂ 'ಹೂಂ' ಅಷ್ಟೇ!"

ನಾನು ಹೃದಯ, ಶ್ವಾಸಕೋಶ, ಕಾಲು ಎಲ್ಲ ಓದಿಕೊಂಡು ಹೋಗಿದ್ದೆ, ಬಂಡಿಯವರ ಭಾಷೆಯೊಂದನ್ನು ಬಿಟ್ಟು. ಅಂಕಲ್‌ಗಾದರೂ ಹೊಳೆಯಬೇಕಿತ್ತಲ್ಲ ಎಂದರೆ, ಹೆಲ್ಮೆಟ್ ಒತ್ತುತ್ತದೆ ಎಂದು ಅವರು ಕಿವಿಯ ಯಂತ್ರಗಳನ್ನು ತೆಗೆದು ಜೇಬಿಗೆ ಹಾಕಿಕೊಂಡಿದ್ದರು. ಹತ್ತಿರ ನಿಂತು ಜೋರಾಗಿ ಆಡಿದ ಮಾತಷ್ಟೇ ಕೇಳುತ್ತಿತ್ತು. ನನ್ನ 'ಹಾ' ಅವರಿಗೆ ಕೇಳಿರಲೇ ಇಲ್ಲ, ನಾಯಿಗೆ ಕೇಳಿತ್ತು. ಆರೋಗ್ಯವಾಗಿದ್ದ, ಹೇಳಿದ ಮಾತು ಕೇಳುವ ನಾಯಿಗೆ ನಾನು ಮಿದುಳಿನ ಕಾಯಿಲೆ ಹಚ್ಚಿದ್ದೆ.

ಮುಖ್ಯಸ್ಥರಿಗೆ ವಿವರಿಸಿದಾಗ ಅವರು ಟೋಪಿ ಮುಖಕ್ಕೆ ಅಡ್ಡ ಹಿಡಿದುಕೊಂಡರು. ಟೋಪಿ ಕುಲುಕುತ್ತಿತ್ತು. ಸುದ್ದಿ ಶಿಬಿರದಲ್ಲೆಲ್ಲ ಹರಡಿತು. ಪಕ್ಕದ ತಂಡದ ಹೆಂಗಸೊಬ್ಬಳು ನನ್ನನ್ನು ಕಂಡಾಗಲೆಲ್ಲ "ಹಾ!" ಎಂದು ಕೂಗುತ್ತಿದ್ದಳು. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆವತ್ತು ಯಾರ ಮೇಲೆ ಮಾಡಿಕೊಳ್ಳಲಿ? ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ನಾನು ಬಾಯಿ ಮುಚ್ಚಿಕೊಂಡು ಕೈಸನ್ನೆ ಮಾಡಿದೆ, ಅಂಕಲ್ ಓಡಿಸಿದರು, ರಾಗಿ ದಾರ ಹಿಡಿದ ಹಾಗೆ ನೇರವಾಗಿ ಹೋಗಿ ಬಂತು. ಹಸಿರು ರಿಬ್ಬನ್ ಕಟ್ಟಿದೆ.

ವಿಶ್ರಾಂತಿ ಮುಗಿಯಿತು. ಬಂಡಿಯನ್ನು ಹಗ್ಗದಿಂದ ಟ್ರಕ್ಕಿಗೆ ಬಿಗಿದು, ಮೊದಲು ಮುಂದಾಳುಗಳನ್ನು ಕಟ್ಟಿದರು. ಅವು ಹಗ್ಗ ಬಿಗಿಯಾಗಿ ಹಿಡಿದು ನಿಂತರೆ ಮಾತ್ರ ಉಳಿದವುಗಳನ್ನು ಸಿಕ್ಕಾಗದಂತೆ ಕಟ್ಟಬಹುದು. ಹುರುಳಿ ಬಂದದ್ದು ಕೊನೆಗೆ. ಎಂಟೂ ಒಟ್ಟಿಗೆ ಊಳಿಟ್ಟು, ಬೊಗಳಿ, ಗಾಳಿಗೆ ಹಾರುತ್ತಿದ್ದವು. ಆ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಅಂಕಲ್ ಕಟ್ಟು ಬಿಚ್ಚಿದ ಕ್ಷಣ ಅಷ್ಟೂ ಸದ್ದು ನಿಂತುಹೋಯಿತು. ಬರೀ ಚಕ್ರದ ಸದ್ದು ಮತ್ತು ಉಸಿರು.

ಶಿಬಿರದಿಂದ ಸ್ವಲ್ಪ ಮುಂದೆ ದಾರಿ ಕವಲೊಡೆಯುತ್ತದೆ. ಬೆಳಗಿನ ಚಿಕ್ಕ ಸುತ್ತಿಗೆ ಎಡದ ದಾರಿ, ಆ ಸುತ್ತಿನಲ್ಲಿ ಕೊನೆಯ ತನಕ ಬರೀ ಎಡದ ತಿರುವುಗಳೇ. ದೊಡ್ಡ ಸುತ್ತಿಗೆ ಬಲದ ದಾರಿ. ಬಲಗಡೆಯ ಮರಕ್ಕೆ ಕೆಂಪು ಬಿಲ್ಲೆ ಹೊಡೆದಿದ್ದರು. ಬಿಲ್ಲೆ ಯಾವ ಕಡೆಗಿದೆಯೋ ಆ ಕಡೆಗೆ ತಿರುಗಬೇಕು ಎಂದು ಅರ್ಥ.

"ಜೀ!" ಎಂದು ಅಂಕಲ್ ಕೂಗಿದ್ದು ನನಗೂ ಕೇಳಿಸಿತು.

ರಾಗಿ ತಿರುಗಲಿಲ್ಲ. ಎಡದಿಂದ ಜೋಳ ಒತ್ತಿದ, ಇದು ಅವನ ಮೈಗೆ ಒರಗಿ ಹಿಂದಕ್ಕೆ ಒತ್ತಿತು. ಹಿಂದಿನ ಜೋಡಿ ಬಂದು ಇವುಗಳ ಮೇಲೆ ಹತ್ತಿತು. ಅಂಕಲ್ ಬ್ರೇಕ್ ಒತ್ತಿ ಮತ್ತೆ "ಜೀ, ರಾಗಿ, ಜೀ!" ಎಂದರು. ಈ ಸಲ ಹೋಯಿತು. ಆದರೆ ಹೋಗುವ ಮೊದಲು ಮುಖವನ್ನು ಪೂರ್ತಿ ಬಲಕ್ಕೆ ಹೊರಳಿಸಿ ದಾರಿ ನೋಡಿತು, ಕೋಳಿ ಕಾಳು ನೋಡುವ ಹಾಗೆ.

"ಮೊದಲ ದಿನದ ಗಡಿಬಿಡಿ" ಎಂದು ಮುಖ್ಯಸ್ಥರು ಪಕ್ಕಕ್ಕೆ ತಿರುಗಿದರು. ನಾನು ನಿಂತಲ್ಲೇ ನಿಂತಿದ್ದೆ. 'ಹಾ' ಅಂದರೆ ಅಷ್ಟು ಚುರುಕಾಗಿ ಎಡಕ್ಕೆ ಹೋಗುವ ನಾಯಿ 'ಜೀ' ಅಂದರೆ ಬಲಕ್ಕೆ ಏಕೆ ಹೋಗಲಿಲ್ಲ? ಎಡಗಣ್ಣನ್ನು ತಂದು ಬಲಗಡೆ ನೋಡಿದ್ದು ಏಕೆ? ಬೆಳಿಗ್ಗೆಯಿಂದ ಅದಕ್ಕೆ ಬಲಕ್ಕೆ ತಿರುಗುವ ಪ್ರಸಂಗವೇ ಬಂದಿರಲಿಲ್ಲ. ಬಲಗಣ್ಣು ಒಂದು ಚೂರು ಹೆಚ್ಚು ಕೆಂಪಾಗಿದ್ದದ್ದು ನೆನಪಾಯಿತು.

ಒಂದು ಸಲ ನಗೆಪಾಟಲಾದವಳಿಗೆ ಎರಡನೆಯ ಸಲ ಬಾಯಿ ತೆರೆಯುವುದು ಎಷ್ಟು ಕಷ್ಟ ಎಂದು ಆವತ್ತು ಗೊತ್ತಾಯಿತು. ನಿಜ ಹೇಳುತ್ತೇನೆ, ಸುಮ್ಮನಿರೋಣ ಎನ್ನಿಸಿತು. ಸಂಜೆ ಬಂದ ಮೇಲೆ ನೋಡಿದರಾಯಿತು, ಕಣ್ಣಲ್ಲವೇ, ಕಾಲಲ್ಲವಲ್ಲ. ಆದರೆ ನಾನು ಊಹಿಸಿದ್ದ ಕಾಯಿಲೆಗೆ ಸಂಜೆ ಎನ್ನುವುದು ಇಲ್ಲ. ಅದು ಆ ಕಾಯಿಲೆಯಾಗಿದ್ದರೆ, ಸಂಜೆಯೊಳಗೆ ಆ ಕಣ್ಣು ಹೋಗಿರುತ್ತದೆ. ಅಡ್ಡದಾರಿಯಲ್ಲಿ ಕೆಂಪು ಬಾವುಟ ಹಿಡಿದುಕೊಂಡು ಓಡಿದೆ. ಹಿಂದಿನಿಂದ ಯಾರೋ "ಹಾ! ಹಾ!" ಎಂದು ನಕ್ಕರು.

ಮರಳಿನಲ್ಲಿ ದಿಣ್ಣೆ ಹತ್ತಲು ಬಂಡಿ ನಿಧಾನವಾಗಿದ್ದರಿಂದ ಸಿಕ್ಕಿದರು. ಬಾವುಟ ಕಂಡು ನಿಲ್ಲಿಸಿ, ಬಂಡಿಯನ್ನು ಮರಕ್ಕೆ ಬಿಗಿದು, ಅಂಕಲ್ ಹೆಲ್ಮೆಟ್ ತೆಗೆದರು. ಮುಖ ಕೆಂಡವಾಗಿತ್ತು. ರಾಗಿ ಬಲಕ್ಕೆ ತಿರುಗಲಿಲ್ಲ, ಕಣ್ಣು ನೋಡಬೇಕು ಎಂದು ಕೂಗಿದೆ. ಜೇಬಿನಿಂದ ಕಿವಿಯ ಯಂತ್ರ ತೆಗೆದು ಸಿಕ್ಕಿಸಿಕೊಳ್ಳುತ್ತಲೇ ಶುರುಮಾಡಿದರು.

"ಏನಮ್ಮ ನಿಂದು? ಈಗ ತಾನೇ ಎಡಕ್ಕೆ ವಾಲ್ತಾಳೆ ಅಂದೆ. ಈಗ ಬಲಕ್ಕೆ ತಿರುಗಲ್ಲ ಅಂತೀಯಾ? ನೇರವಾಗಿ ಹೋದ್ರೆ ಅದಕ್ಕೂ ಒಂದು ಕಾಯಿಲೆ ಹೇಳ್ತೀಯೇನು?"

"ಅಂಕಲ್, ಎರಡು ನಿಮಿಷ ಕೊಡಿ."

"ಕ್ಲಾಕ್ ಓಡ್ತಿದೆ!"

"ಓಡ್ಲಿ. ನಾಯಿನ ಹಿಡ್ಕೊಳಿ." ನನ್ನ ಧ್ವನಿಯೂ ಏರಿತ್ತು. ಹಿರಿಯರೊಡನೆ ಹಾಗೆ ಮಾತಾಡುವವಳಲ್ಲ ನಾನು. ಅವರು ಗೊಣಗುತ್ತಾ ಹಿಡಿದುಕೊಂಡರು.

ಎಡಗಣ್ಣಿನ ಎದುರು, ಗಾಳಿ ತಾಗದ ಹಾಗೆ, ಕೈ ತಂದೆ. ರೆಪ್ಪೆ ಬಡಿಯಿತು. ಬಲಗಣ್ಣಿನ ಎದುರು ತಂದೆ. ಬಡಿಯಲಿಲ್ಲ. ಎಡಗಡೆ ಹತ್ತಿಯ ಉಂಡೆ ಬೀಳಿಸಿದೆ, ಕಣ್ಣು ಅದರ ಜೊತೆಗೇ ನೆಲಕ್ಕಿಳಿಯಿತು. ಬಲಗಡೆ ಬೀಳಿಸಿದೆ, ರಾಗಿ ಸುಮ್ಮನೆ ಮುಂದೆ ನೋಡುತ್ತಿತ್ತು. ಟಾರ್ಚ್ ಬಿಟ್ಟರೆ ಬಲಗಣ್ಣಿನ ಪಾಪೆ ಕುಗ್ಗಲಿಲ್ಲ, ಅಗಲವಾಗಿ ತೆರೆದೇ ಇತ್ತು. ಕಪ್ಪುಗುಡ್ಡೆಯ ಮೇಲೆ ತೆಳ್ಳಗೆ ಉಸಿರು ಬಿಟ್ಟ ಕನ್ನಡಿಯ ಹಾಗೆ ಮಂಜು. ಬೆಳಿಗ್ಗೆ ಇಷ್ಟಿರಲಿಲ್ಲ. ರೆಪ್ಪೆ ಮುಚ್ಚಿ ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದೆ. ಎಡಗಣ್ಣು ಹಣ್ಣು ದ್ರಾಕ್ಷಿಯ ಹಾಗೆ ಅಮುಕಿತು. ಬಲಗಣ್ಣು ಗೋಲಿಯಷ್ಟು ಗಟ್ಟಿ. ರಾಗಿ ಮೆಲ್ಲಗೆ ಕುಂಯ್ ಎಂದಿತು. ಅಷ್ಟು ನೋವಿಟ್ಟುಕೊಂಡು ಅದು ಬೆಳಿಗ್ಗೆಯಿಂದ ಎಳೆದಿತ್ತು.

"ಧೂಳಮ್ಮ ಅದು" ಎಂದರು ಅಂಕಲ್. ಧ್ವನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

"ಧೂಳಲ್ಲ ಅಂಕಲ್. ಗ್ಲಾಕೋಮಾ. ಕಣ್ಣೊಳಗಿನ ಪ್ರೆಶರ್ ಏರಿದೆ. ಹಸ್ಕಿ ಜಾತೀಲಿ ಬರುತ್ತೆ, ಹೇಳದೆ ಕೇಳದೆ ಬರುತ್ತೆ. ಈಗ್ಲೇ ಇಳಿಸಿದ್ರೆ ಕಣ್ಣು ಉಳೀಬಹುದು. ಸಾಯಂಕಾಲಕ್ಕೆ ಬಿಟ್ರೆ ಇಲ್ಲ."

ಅವರು ಹತ್ತಿಯ ಉಂಡೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಬಲಗಡೆ ಬೀಳಿಸಿದರು. ಎತ್ತಿಕೊಂಡು ಇನ್ನೊಮ್ಮೆ ಬೀಳಿಸಿದರು.

ನನ್ನ ಪೆಟ್ಟಿಗೆಯಲ್ಲಿ ಕಾಲಿಗೆ, ಹೊಟ್ಟೆಗೆ, ಬಿಸಿಲ ಹೊಡೆತಕ್ಕೆ ಎಲ್ಲ ಇತ್ತು, ಕಣ್ಣಿನ ಒತ್ತಡ ಇಳಿಸುವ ಔಷಧಿ ಇರಲಿಲ್ಲ. ಒತ್ತಡ ಅಳೆಯುವ ಯಂತ್ರವೂ ಇರಲಿಲ್ಲ. ಅವೆರಡೂ ಡರ್ಹಮ್‌ನಲ್ಲಿ, ಕಾಡು ದಾಟಿ ಹೆದ್ದಾರಿ ಹಿಡಿದು ಹೋಗಬೇಕು. ಫೋನಿಗೆ ಸಿಗ್ನಲ್ ಇಲ್ಲ. ದಾರಿಯಲ್ಲಿ ಕಳೆಯುವ ಅಷ್ಟೂ ಹೊತ್ತು ಆ ಕಣ್ಣು ಸಾಯುತ್ತಿರುತ್ತದೆ. ಇದನ್ನೇ ಹೇಳುತ್ತಿದ್ದೆ, ಅಂಕಲ್ ನಡುವೆ ಬಾಯಿ ಹಾಕಿದರು.

"ಲಟಾನೊಪ್ರಾಸ್ಟ್ ಡ್ರಾಪ್ಸ್ ಆಗುತ್ತಾ? ನಾಯಿಗೂ ಅದೇನಾ?"

"ಅದೇ! ಎಲ್ಲಿದೆ?"

"ನಿಮ್ಮಾಂಟಿ ಬ್ಯಾಗಲ್ಲಿ. ನಂಗೂ ಅದೇ ಕಾಯಿಲೆ ಕಣಮ್ಮ. ರಾತ್ರಿ ರಾತ್ರಿ ಅವಳೇ ಹಾಕ್ತಾಳೆ."

ಎಂಟು ನಾಯಿಗಳನ್ನು ತಿರುಗಿಸಿಕೊಂಡು ಶಿಬಿರಕ್ಕೆ ಬಂದೆವು. ರಾಗಿಯನ್ನು ಬಿಡಿಸಿ ನಾನೇ ಎತ್ತಿಕೊಂಡೆ. ಆಂಟಿ ಓಡಿಬಂದು, ಒಂದೇ ಮಾತಿಗೆ ಅರ್ಥಮಾಡಿಕೊಂಡು, ಕೈಚೀಲವನ್ನು ಟ್ರಕ್ಕಿನ ಹಿಂಬಾಗಿಲ ಮೇಲೆ ಬೋರಲು ಹಾಕಿದರು. ಪೆಪ್ಪರ್‌ಮಿಂಟು, ಅಮೃತಾಂಜನ, ಕೀಲಿಗೊಂಚಲು, ಚಿಕ್ಕ ಬಾಟಲಿ. ಕಣ್ಣಿನ ಮಸೂರ ಜಾಗ ಬಿಟ್ಟು ಮುಂದಕ್ಕೆ ಜಾರಿದ್ದರೆ ಈ ಔಷಧಿ ಕೇಡು ಮಾಡುತ್ತದೆ. ಅದಕ್ಕೇ ಪಕ್ಕದಿಂದ ಟಾರ್ಚ್ ಹಿಡಿದು ನೋಡಿದೆ, ಮಂಜಿನಲ್ಲಿ ಸರಿಯಾಗಿ ಕಾಣದೆ ಮತ್ತೆ ನೋಡಿದೆ. ಜಾಗದಲ್ಲೇ ಇತ್ತು. ಅಂಕಲ್ ರೆಪ್ಪೆ ಬಿಡಿಸಿ ಹಿಡಿದರು, ಆಂಟಿ ಪ್ರತಿ ರಾತ್ರಿ ಹಾಕುವ ಅದೇ ಕೈಯಿಂದ ಒಂದು ಹನಿ ಬಿಟ್ಟರು. "ಆಯ್ತು ಕಂದ, ಆಯ್ತು ಆಯ್ತು" ಎನ್ನುತ್ತಿದ್ದರು.

ಮುಖ್ಯಸ್ಥರು ಬಂದು ನಿಂತಿದ್ದರು. ಈ ಸಲ ನಗಲಿಲ್ಲ. ರೇಡಿಯೋದಲ್ಲಿ ಹೆದ್ದಾರಿಯ ಬಳಿಯ ತಮ್ಮವರಿಗೆ ಹೇಳಿ, ನಮ್ಮ ಆಸ್ಪತ್ರೆಯ ಕಣ್ಣಿನ ತಜ್ಞೆಗೆ ಫೋನ್ ಹೋಗುವಂತೆ ಮಾಡಿದರು. ಆಮೇಲೆ ಅಂಕಲ್ ಕಡೆ ತಿರುಗಿ, ನಿಯಮವನ್ನು ನಿಧಾನವಾಗಿ ಹೇಳಿದರು. ರಾಗಿಯನ್ನು ಇಲ್ಲಿ ಬಿಟ್ಟು ಏಳು ನಾಯಿಗಳಲ್ಲಿ ಓಟ ಮುಂದುವರಿಸಬಹುದು. ಕಳೆದ ಹೊತ್ತು ಲೆಕ್ಕಕ್ಕಿಲ್ಲ, ಅದು ವೈದ್ಯರು ನಿಲ್ಲಿಸಿದ್ದು.

"ನೀವು ಹೋಗಿ" ಎಂದರು ಆಂಟಿ. "ನಾನು ಇವಳನ್ನ ಕರ್ಕೊಂಡ್ ಹೋಗ್ತೀನಿ. ಯಾರದಾದ್ರೂ ಕಾರ್ ಕೇಳೋಣ. ಇಷ್ಟು ವರ್ಷ ಕಾದಿದ್ದೀರಿ, ಹೋಗಿ ಬನ್ನಿ."

ಬಂಡಿಗೆ ಕಟ್ಟಿದ್ದ ಏಳೂ ನಾಯಿಗಳು ಹೊರಡಲು ಹಾರಾಡುತ್ತಿದ್ದವು. ಜೋಳ ಒಬ್ಬನೇ ಮುಂದೆ ನಿಂತು ಪಕ್ಕದ ಖಾಲಿ ಜಾಗ ಮೂಸುತ್ತಿದ್ದ. ಅವನು ದಾರಿ ತೋರಿಸಿದರೂ ತೋರಿಸಿಯಾನು. ಅಂಕಲ್ ಅವನನ್ನೇ ನೋಡುತ್ತಾ ನಿಂತರು. ಹೋಗುವುದೋ ಬಿಡುವುದೋ ನಾನು ಹೇಳುವ ಮಾತಲ್ಲ. ಯಂತ್ರವಿಲ್ಲದೆ ಎರಡು ಬೆರಳನ್ನು ನಂಬಿ ಹೇಳಿದ್ದೆ. ಬೆಳಿಗ್ಗೆಯಷ್ಟೇ ಇದೇ ನಾಯಿಯ ವಿಷಯದಲ್ಲಿ ತಪ್ಪಿದ್ದೆ. ಈಗಲೂ ತಪ್ಪಿದ್ದರೆ?

"ದಾರೀಲಿ ಕಣ್ಣು ಉಜ್ಜಿಕೊಳ್ಳದ ಹಾಗೆ ತಲೆ ಹಿಡ್ಕೊಳೋರು ಯಾರು?" ಎಂದರು ಅಂಕಲ್ ಕೊನೆಗೆ, ಯಾರಿಗೂ ಅಲ್ಲ ಎಂಬಂತೆ. "ನೀನು ಡ್ರೈವ್ ಮಾಡ್ಕೊಂಡು ಹಿಡ್ಕೊತೀಯಾ?"

ನಂಬರಿನ ಜಾಕೆಟ್ಟನ್ನು ತಲೆಯ ಮೇಲಿಂದ ತೆಗೆದು, ಮಡಿಸಿ, ಮುಖ್ಯಸ್ಥರ ಕೈಗೆ ಕೊಟ್ಟರು. ಅವರು ಟೋಪಿ ಕಳಚಿ ಅದನ್ನು ತೆಗೆದುಕೊಂಡರು. ಏಳು ನಾಯಿಗಳನ್ನೂ ಒಂದೊಂದಾಗಿ ಟ್ರಕ್ಕಿನ ಗೂಡುಗಳಿಗೆ ಹತ್ತಿಸಿದೆವು. ಓಡಲು ಸಿಗಲಿಲ್ಲವೆಂದು ಹುರುಳಿ ಗೂಡಿನೊಳಗಿಂದ ಅಳುತ್ತಿದ್ದ. ಕೊನೆಯ ಬಾಗಿಲು ಹಾಕುತ್ತಾ ಅಂಕಲ್ ನನ್ನ ಕಡೆ ನೋಡದೆ ಹೇಳಿದರು: "ನನ್ನ ಓಟ ನಿನ್ನಿಂದ ಮುಗೀತಮ್ಮ."

ಆಂಟಿ ಟ್ರಕ್ ಓಡಿಸಿದರು. ರಾಗಿ ಮುಂದಿನ ಸೀಟಿನಲ್ಲಿ ಅಂಕಲ್ ತೊಡೆಯ ಮೇಲಿತ್ತು.

ನಾನು ಹೋಗುವಂತಿರಲಿಲ್ಲ. ಈ ಓಟಗಳಲ್ಲಿ ಒಂದು ಹಳೆಯ ಸಂಪ್ರದಾಯವಿದೆ. ದಿನದ ಕೊನೆಯ ಬಂಡಿ ಕಾಡಿನಿಂದ ಬರುವ ತನಕ ಓಟ ಮುಗಿಯುವ ಗೆರೆಯ ಹತ್ತಿರ ಒಂದು ಲಾಟೀನು ಉರಿಯುತ್ತಿರಬೇಕು. ಲಾಟೀನು ಆರುವ ತನಕ ಡಾಕ್ಟರ್ ಅಲ್ಲೇ ಇರಬೇಕು. ಆ ಮಧ್ಯಾಹ್ನ ಎಷ್ಟು ಪಂಜ ಎತ್ತಿದೆನೋ, ಎಷ್ಟು ಎದೆ ಕೇಳಿದೆನೋ. ಬಂದ ಪ್ರತಿ ನಾಯಿಗೂ ಕಣ್ಣಿನ ಮುಂದೆ ಕೈ ಆಡಿಸಿ ನೋಡಿದೆ. ಒಂದಕ್ಕೂ ಏನೂ ಇರಲಿಲ್ಲ. ಬೆಳಿಗ್ಗೆ ಚುಡಾಯಿಸುತ್ತಿದ್ದ ಹೆಂಗಸು ತನ್ನ ಮುಂದಾಳುವಿನ ಕಣ್ಣನ್ನು ಎರಡು ಸಲ ನೋಡಿಸಿಕೊಂಡಳು. ಕೊನೆಯ ಬಂಡಿ ತಡಮಾಡಿತು. ಎಲ್ಲರೂ ಆ ಬಂಡಿಯವರಿಗಾಗಿ ಕಾಯುತ್ತಿದ್ದರೆ ನಾನು ಅವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಬಂದರು, ನಾಯಿಗಳೆಲ್ಲ ಸರಿಯಿದ್ದವು, ಲಾಟೀನು ಆರಿಸಿದರು.

ಹೆದ್ದಾರಿ ಸೇರುವಲ್ಲಿ ಗ್ಯಾಸ್ ಸ್ಟೇಷನ್ನಿನ ಹತ್ತಿರ ಫೋನಿಗೆ ಜೀವ ಬಂತು. ಒಂದರ ಮೇಲೊಂದು ಸಂದೇಶ. ತಜ್ಞೆ ಬರೆದಿದ್ದರು: ಆ ಹನಿ ಬಿದ್ದಿದ್ದೂ ಒತ್ತಡ ಇನ್ನೂ ಜಾಸ್ತಿಯೇ ಇತ್ತು, ಔಷಧಿಯ ಮೇಲೆ ಔಷಧಿ ಕೊಟ್ಟ ಮೇಲೆ ಇಳಿಯಿತು, ಬೆಳಕಿಗೆ ಪಾಪೆ ಸ್ಪಂದಿಸುತ್ತಿದೆ, ನೋಟ ಬಹುಪಾಲು ಉಳಿಯುತ್ತದೆ. ಅದರ ಕೆಳಗೆ ಅಂಕಲ್ ಅವರ ಧ್ವನಿ ಸಂದೇಶ.

"ಏನಮ್ಮಾ, ಫೋನ್ ಎತ್ತಲ್ಲ? ಇನ್ನೂ ಕಾಡಲ್ಲೇ ಇದ್ದೀಯಾ? ಕಣ್ಣು ಉಳೀತು ಅಂದ್ರು. ಇನ್ನೊಂದು ಕಣ್ಣಿಗೂ ಡ್ರಾಪ್ಸ್ ಹಾಕ್ಬೇಕಂತೆ, ಲೈಫ್ ಲಾಂಗ್. ಬಂಡಿ ಎಳೆಯೋ ಹಾಗಿಲ್ಲ ಅಂದ್ರು, ಎಳೆದ್ರೆ ಪ್ರೆಶರ್ ಏರುತ್ತಂತೆ. ರಾಗಿ ಪ್ರೆಶರ್ ಇಳೀತು. ನಂದು ಇನ್ನೂ ಇಳಿದಿಲ್ಲ. ಮುಂದಿನ ಭಾನುವಾರ ಊಟಕ್ಕೆ ಬಾ. ನಿನ್ನ ಬೈಬೇಕು."

ಪೆಟ್ರೋಲ್ ಪಂಪಿನ ದೀಪದ ಕೆಳಗೆ ಕಾರು ನಿಲ್ಲಿಸಿಕೊಂಡು ಅತ್ತೆ. ಸಮಾಧಾನಕ್ಕೋ ಸುಸ್ತಿಗೋ, ಎರಡೂ ಇರಬೇಕು.

ಭಾನುವಾರ ಹೋದೆ. ಬೈದರು. ಕೋಸಂಬರಿಯಿಂದ ಶುರುವಾದದ್ದು ಹುಳಿಯ ತನಕ ನಡೆಯಿತು. ನಾಯಿಯನ್ನು ಓಡಿಸುವಾಗ ಕನ್ನಡ ಮಾತಾಡಿದ್ದಕ್ಕೆ ಬೈದರು, ಹಿರಿಯರ ಮೇಲೆ ಧ್ವನಿ ಏರಿಸಿದ್ದಕ್ಕೆ ಬೈದರು, ಕಣ್ಣಿನ ಔಷಧಿ ಇಲ್ಲದೆ ಓಟಕ್ಕೆ ಬಂದದ್ದಕ್ಕಂತೂ ಸರಿಯಾಗಿಯೇ ಬೈದರು. ಆಂಟಿ ಬಡಿಸುತ್ತಲೇ ಇದ್ದರು. ಉತ್ತರದವರಿಗೆ ಈ ವರ್ಷ ಬರುವುದಿಲ್ಲ ಎಂದು ಬರೆದು ಹಾಕಿದೆ ಎಂದರು ಅಂಕಲ್. ಈ ವರ್ಷ ಎಂದರೆ ಯಾವತ್ತೂ ಎಂದು ಮೂವರಿಗೂ ಗೊತ್ತಿತ್ತು.

"ಆವತ್ತು ಮಧ್ಯಾಹ್ನ ನೀನು ಸುಮ್ಮನಿದ್ದಿದ್ರೆ ನಾನು ಮುಗಿಸ್ತಿದ್ದೆ" ಎಂದರು.

"ಮುಗಿಸ್ತಿದ್ರಿ ಅಂಕಲ್" ಎಂದೆ. "ರಾಗಿ ಕಣ್ಣು ಹೋಗ್ತಿತ್ತು."

"ಹೋಗ್ತಿತ್ತು" ಎಂದರು.

ಆಮೇಲೆ ಅವರು ನನ್ನ ತಟ್ಟೆಯ ಕಡೆ ನೋಡಿದರು.

"ಬರೀ ಅನ್ನ ತಿಂತಿದ್ದೀಯಲ್ಲ. ತುಪ್ಪ ಹಾಕ್ಕೋ."